ವಿಭೂತಿ ಹಚ್ಚಿದ ನಕ್ಷೆ

ಮೂವತ್ತನಾಲ್ಕು ವರ್ಷ ನಾನು ಮಾಡಿದ ಕೆಲಸ ಏನು ಎಂಬುದು ನಮ್ಮ ಮಾವನವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಹೆಣ್ಣು ನೋಡಲು ಕುರುಗೋಡಿಗೆ ಹೋದಾಗ, 'ಡ್ರಾಫ್ಟ್ಸ್‌ಮನ್ ಅದೀನ್ರಿ, ನಕ್ಷಿ ಬರೀತೀನಿ' ಎಂದಿದ್ದೆ. ಅವರು ಹಿಗ್ಗಿಬಿಟ್ಟರು. 'ಹೌದೇನ್ರಿ! ಹಂಗಾರ ನಮ್ಮ ಅಂಗಡಿ ಬೋರ್ಡಿನ ಮ್ಯಾಲೊಂದು ನಂದಿ ಬರದು ಕೊಡ್ರಿ. ಮಾರಿ ಮಾತ್ರ ಸಿಟ್ಟಿಂದು ಬ್ಯಾಡ' ಎಂದರು. ನಾನು ಬರೆದುಕೊಟ್ಟ ನಂದಿಗೆ ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಹೀಗೆ ಮೂರು ನೋಟಗಳಿದ್ದವು. ಕೊಂಬಿನ ಅಳತೆ ಮಿಲಿಮೀಟರಿನಲ್ಲಿ ಇತ್ತು. ಮದುವೆಯೇನೋ ಆಯಿತು. ನಂದಿಯನ್ನು ಬೇರೆ ಪೇಂಟರನ ಕೈಯಲ್ಲಿ ಬರೆಸಿದರು.

ಈಗ ನಿವೃತ್ತನಾಗಿ ಬಳ್ಳಾರಿಯಲ್ಲಿ ಗುಡ್ಡದ ಕೆಳಗಿನ ನಮ್ಮ ಓಣಿಯಲ್ಲಿ ಕುಳಿತಿದ್ದೇನೆ. ಡಿಪ್ಲೊಮಾ ಮುಗಿಸಿದವರು ಬಂದು, 'ಅಂಕಲ್, ಡ್ರಾಯಿಂಗ್ ಆಫೀಸಿನಾಗ ಕೆಲ್ಸ ಹೆಂಗಿರತೈತ್ರಿ?' ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಯಾವ ಸಾಫ್ಟ್‌ವೇರ್ ಕಲಿಯಬೇಕು ಎನ್ನುವುದು. ಅದನ್ನು ಯಾರಾದರೂ ಹೇಳಿಕೊಡುತ್ತಾರೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಎನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ, ಅದರಿಂದ ಯಾರಿಗೂ ನಯಾಪೈಸೆ ಉಪಯೋಗವಿಲ್ಲ. ನಾನು ರಿಜಿಸ್ಟರಿನಲ್ಲಿ ಬರೆದ ಒಂದು ಸಾಲಿನಿಂದ ಒಬ್ಬ ಮನುಷ್ಯನ ಕೆಲಸ ಹೋಯಿತು. ಅದನ್ನು ಹೇಳದೆ ಬಿಡುವಂತಿಲ್ಲ. ಅಲ್ಲಿಗೆ ಮುಟ್ಟುವ ಮೊದಲು ಉಳಿದವರ ಮರ್ಯಾದೆಯನ್ನೂ ಸ್ವಲ್ಪ ತೆಗೆಯುತ್ತೇನೆ. ನನ್ನದೊಂದೇ ಹೋದರೆ ಹೊಟ್ಟೆಕಿಚ್ಚಾಗುತ್ತದೆ.

ನಮ್ಮ ಕಂಪನಿ ಅಕ್ಕಿ ಗಿರಣಿಗಳಿಗೆ ಯಂತ್ರ, ಟ್ಯಾಂಕು, ಎಲಿವೇಟರ್ ಮಾಡಿಕೊಡುತ್ತಿತ್ತು. ಹೆಸರು ಬೇಡ. ನನ್ನ ಮೊದಲ ಮೇಲಧಿಕಾರಿಯ ಹೆಸರೂ ಬೇಡ. ಬೆನ್ನ ಹಿಂದೆ ನಾವೆಲ್ಲ ಅವರನ್ನು ಬಾಣದ ಸಾಹೇಬರು ಎನ್ನುತ್ತಿದ್ದೆವು. ನಕ್ಷೆಯಲ್ಲಿ ಅಳತೆಯ ಗೆರೆಯ ಎರಡೂ ತುದಿಗೆ ಬಾಣದ ಗುರುತು ಹಾಕುತ್ತೇವಲ್ಲ, ಅದರ ಉದ್ದ ಅಗಲದ ಮೂರು ಪಟ್ಟು ಇರಬೇಕು ಎಂಬುದು ನಿಯಮ. ಆ ಮನುಷ್ಯ ಅದನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದರು. 'ಲೇ ಪಂಪಾಪತಿ, ಇದೇನು ಬಾಣೋ, ಬದ್ನಿಕಾಯಿನೋ?' ಎಂದು ನಕ್ಷೆಯನ್ನು ಮೇಜಿನ ಮೇಲಿನಿಂದ ಜಾರಿಸುತ್ತಿದ್ದರು. ಅದು ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ಎತ್ತಿಕೊಂಡು ಬಂದು ಮತ್ತೆ ಬಾಣ ಬರೆಯುವುದು ನನ್ನ ಪಾಡು.

ಸಿರುಗುಪ್ಪದ ಗಿರಣಿಯೊಂದಕ್ಕೆ ಭತ್ತ ಮೇಲೆತ್ತುವ ಎಲಿವೇಟರಿನ ನಕ್ಷೆ ಹೀಗೆ ಮೂರು ಸಲ ವಾಪಸ್ಸು ಬಂತು, ಮೂರೂ ಸಲ ಬಾಣಕ್ಕಾಗಿ. ನಾಲ್ಕನೆಯ ಸಲ ಸಾಹೇಬರು ತೃಪ್ತರಾದರು. ಆ ನಕ್ಷೆಯಲ್ಲಿ ಒಂದೊಂದು ಭಾಗದ ಅಳತೆಯೂ ಇತ್ತು, ಎಲ್ಲವನ್ನೂ ಕೂಡಿಸಿದ ಒಟ್ಟು ಎತ್ತರ ಮಾತ್ರ ಇರಲಿಲ್ಲ. ಬಾಣದ ಭರಾಟೆಯಲ್ಲಿ ನಾನೂ ಕೂಡಿಸಲಿಲ್ಲ, ಅವರೂ ಕೂಡಿಸಲಿಲ್ಲ. ಎಲಿವೇಟರ್ ನಿಲ್ಲಿಸಿದಾಗ ಅದರ ತಲೆ ಗಿರಣಿಯ ತಗಡಿನ ಚಾವಣಿಗಿಂತ ಒಂದು ಮೊಳ ಎತ್ತರವಾಯಿತು. ತಗಡು ಕೊರೆದು ಮೇಲೊಂದು ಗೂಡು ಕಟ್ಟಬೇಕಾಯಿತು. ಪಾರಿವಾಳಗಳಿಗೆ ಒಳ್ಳೆಯ ಅನುಕೂಲವಾಯಿತು. ಸಾಹೇಬರು ಬಂದು ಕತ್ತು ಎತ್ತಿ ನೋಡಿ, 'ಆದ್ರ ನಕ್ಷಿ ಛಂದ ಐತಿ ಬಿಡ್ರಿ' ಎಂದು ಕಾರು ಹತ್ತಿದರು. ಅವರನ್ನು ಆಡಿಕೊಳ್ಳುತ್ತೇನೆ ನಿಜ, ಆದರೆ ಅವರ ಕೈಕೆಳಗೆ ಕಲಿತವರು ಬರೆದ ಮೂರನ್ನು ಯಾರೂ ಎಂಟು ಎಂದು ಓದಲಿಲ್ಲ. ಅದಕ್ಕೆ ಅವರಿಗೆ ಋಣಿಯಾಗಿದ್ದೇನೆ.

ಇನ್ನು ನನ್ನ ಸ್ವಂತ ಪ್ರತಾಪ. ಒಂದು ವಸ್ತುವನ್ನು ಎಡಗಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎನ್ನುವುದನ್ನು ನಮ್ಮಲ್ಲಿ ನಕ್ಷೆಯ ಬಲಗಡೆ ಬರೆಯುತ್ತೇವೆ. ಅಮೆರಿಕದ ಪದ್ಧತಿಯಲ್ಲಿ ಎಡಗಡೆಯ ನೋಟವನ್ನು ಎಡಗಡೆಯೇ ಬರೆಯುತ್ತಾರೆ. ಯಾವ ಪದ್ಧತಿ ಎಂದು ತಿಳಿಸಲು ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಗುರುತು ಇರುತ್ತದೆ. ಅದನ್ನು ನೋಡದೆ ನಕ್ಷೆ ಓದಿದರೆ ಎಡ ಬಲ ಅದಲು ಬದಲು. ಇದನ್ನು ನಾನು ಹೊಸಬರಿಗೆ ಬೆತ್ತ ಹಿಡಿದು ಪಾಠ ಹೇಳಿದವನು. ಸಿರುಗುಪ್ಪದಲ್ಲಿ ರಾಯುಡು ಅವರ ಗಿರಣಿಗೆ ತೌಡು ಬೀಳುವ ತಗಡಿನ ಕೋಣೆ ಮಾಡುವಾಗ, ಹೊರಗಿನ ಸಲಹೆಗಾರರೊಬ್ಬರ ನಕ್ಷೆ ಬಂದಿತ್ತು. ಮೂಲೆಯ ಗುರುತನ್ನು ನಾನೇ ನೋಡಲಿಲ್ಲ. ಬಾಗಿಲು ಗಿರಣಿಯ ಅಂಗಳದ ಕಡೆ ಬರಬೇಕಾದದ್ದು ಆ ಕಡೆ, ಪಕ್ಕದ ಮನೆಯ ಎಮ್ಮೆ ಕೊಟ್ಟಿಗೆಯ ಕಡೆ ಬಂತು. ರಾಯುಡು ಅವರ ಹಿರಿಯರು ಆಂಧ್ರದಿಂದ ಬಂದು ಇಲ್ಲಿ ಕಾಲುವೆ ನೀರಿಗೆ ಗದ್ದೆ ಮಾಡಿದವರು. ಅವರ ಕನ್ನಡಕ್ಕೂ ತೆಲುಗಿಗೂ ನಡುವೆ ಬೇಲಿ ಇರಲಿಲ್ಲ.

'ಏಮಯ್ಯಾ ಪಂಪಣ್ಣಾ, ಇದೇಮಿಟಿ?' ಎಂದರು. 'ನಮ್ಮ ತೌಡು ತಿನ್ನಾಕ ಪಕ್ಕದ ಮನಿ ಎಮ್ಮಿಗೆ ಬಾಗ್ಲಾ ಇಟ್ಟೀಯಲ್ಲಯ್ಯಾ! ಅದಕ್ಕ ಒಂದು ಗಂಟಿನೂ ಕಟ್ಟಿಬಿಡು, ಹಸಿವಾದಾಗ ಬಾರಿಸ್ತದ.'

ಕೋಣೆಯನ್ನು ಬಿಚ್ಚಿ ತಿರುಗಿಸಿ ಕೂರಿಸಲು ನಾಲ್ಕು ದಿನ ಹಿಡಿಯಿತು. ನಾಲ್ಕು ದಿನವೂ ಆ ಎಮ್ಮೆ ಗೋಡೆಯ ಮೇಲಿನಿಂದ ಮುಖ ಇಟ್ಟು ನನ್ನನ್ನೇ ನೋಡುತ್ತಿತ್ತು. ಆಮೇಲೆ ನಾನು ಯಾವ ನಕ್ಷೆ ಹಿಡಿದರೂ ಮೊದಲು ಮೂಲೆ ನೋಡುತ್ತಿದ್ದೆ.

ಹಿಂದೆ ನಕ್ಷೆ ಎಂದರೆ ಒಂದೇ ಒಂದು ಮೂಲಪ್ರತಿ. ಪಾರದರ್ಶಕ ಹಾಳೆಯ ಮೇಲೆ ಮಸಿಯಲ್ಲಿ ಬರೆದು, ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದೆವು. ಪ್ರತಿ ಬೇಕಾದರೆ ಅಮೋನಿಯಾ ಯಂತ್ರದಲ್ಲಿ ತೆಗೆಯಬೇಕು. ಆ ಕೋಣೆಗೆ ಹೋದವರು ಕಣ್ಣು ಒರೆಸಿಕೊಂಡು ಬರುತ್ತಿದ್ದರು, ಹೆಣ ನೋಡಿ ಬಂದವರ ಹಾಗೆ. ಅಷ್ಟು ಕಷ್ಟ ಇದ್ದದ್ದರಿಂದ ಯಾರೂ ಸುಮ್ಮನೆ ಪ್ರತಿ ಕೇಳುತ್ತಿರಲಿಲ್ಲ. ಕಂಪ್ಯೂಟರ್ ಬಂತು ನೋಡಿ, ಒಂದೇ ಟ್ಯಾಂಕಿಗೆ ಐದು ಫೈಲು. 'ಫೈನಲ್', 'ಫೈನಲ್ ಹೊಸಾದು', 'ಫೈನಲ್ ಇದೇ', 'ಫೈನಲ್ ಇದೇ ಖರೇ'. ಐದನೆಯದಕ್ಕೆ ಹೆಸರೇ ಇರಲಿಲ್ಲ, ಕೆಲಸಕ್ಕೆ ಹೋಗಿದ್ದು ಅದೇ. ಅದಾದ ಮೇಲೆ ವಾಟ್ಸಾಪ್ ಬಂತು. ಸೈಟಿನ ಸೂಪರ್‌ವೈಸರನೊಬ್ಬ ಫೋನಿನ ಗಾಜಿನ ಮೇಲೆ ಅಡಿಪಟ್ಟಿ ಇಟ್ಟುಕೊಂಡು ನನಗೆ ಫೋನ್ ಮಾಡಿದ. 'ಸರ್, ಎರಡು ಬೆರಳಿಲೆ ನಕ್ಷಿ ದೊಡ್ಡದು ಮಾಡಿದ್ರ ಅಳತಿ ಬ್ಯಾರೆ ಬರತೈತಿ, ಸಣ್ಣದು ಮಾಡಿದ್ರ ಬ್ಯಾರೆ ಬರತೈತಿ. ಇದ್ರಾಗ ಖರೇ ಯಾವ್ದು ಸರ್?' ಅಯ್ಯೋ ಶಿವನೇ! ಅವನು ಈಗ ಎಲ್ಲೋ ಮ್ಯಾನೇಜರ್ ಆಗಿದ್ದಾನೆ ಎಂದು ಕೇಳಿದೆ.

ಈ ಗೊಂದಲಕ್ಕೆಲ್ಲ ಮದ್ದು ಎಂದು ಕಂಪನಿಯವರು ಗುಣಮಟ್ಟದ ಸರ್ಟಿಫಿಕೇಟ್ ತೆಗೆದುಕೊಳ್ಳಲು ಹೊರಟರು. ಟೈ ಕಟ್ಟಿದ ಸಲಹೆಗಾರರೊಬ್ಬರು ಬಂದು, ನಕ್ಷೆಗಳ ನಿಯಂತ್ರಣ ಹೇಗಿರಬೇಕು ಎಂಬ ದಪ್ಪ ಕೈಪಿಡಿಯನ್ನು ಒಂದೇ ವಾರದಲ್ಲಿ ಕೊಟ್ಟರು. ಓದಿ ನೋಡಿದರೆ ಅದು ಯಾವುದೋ ಸೈಕಲ್ ಕಾರ್ಖಾನೆಯ ಕೈಪಿಡಿ. ಹೆಸರು ಬದಲಿಸಿದ್ದರು, ಆದರೆ ಹನ್ನೆರಡನೆಯ ಪುಟದಲ್ಲಿ ನಮ್ಮ ಬಾಯ್ಲರಿಗೆ ಪೆಡಲ್ ಉಳಿದುಕೊಂಡಿತ್ತು. ತಪಾಸಣೆಗೆ ಬಂದ ಆಡಿಟರು ಆ ಪುಟವನ್ನೂ ನೋಡಿ, ಸರಿ ಎಂದು ಗುರುತು ಹಾಕಿ, ನಮ್ಮ ಕ್ಯಾಂಟೀನಿನ ಮಿರ್ಚಿ ಚೆನ್ನಾಗಿದೆ ಎಂದರು. ಸರ್ಟಿಫಿಕೇಟ್ ಬಂತು. ಗಾಜು ಹಾಕಿಸಿ ಸ್ವಾಗತದ ಕೋಣೆಯಲ್ಲಿ ತೂಗುಹಾಕಿದರು.

ಪೆಡಲನ್ನು ತೆಗೆದು ಆ ಕೈಪಿಡಿಯನ್ನು ಮನುಷ್ಯರು ಓದುವ ಹಾಗೆ ತಿದ್ದಿದವನು ನಾನು. ತಮಾಷೆ ಬಿಟ್ಟು ಹೇಳುತ್ತೇನೆ, ಅದರಲ್ಲಿದ್ದ ನಿಯಮಗಳು ಚಿನ್ನದಂಥವು. ಪ್ರತಿ ನಕ್ಷೆಗೆ ಒಂದು ಸಂಖ್ಯೆ. ಏನಾದರೂ ಬದಲಾದರೆ ರಿವಿಷನ್ ಅಕ್ಷರ ಮುಂದಕ್ಕೆ ಹೋಗಬೇಕು, ಎ ಇದ್ದದ್ದು ಬಿ ಆಗಬೇಕು. ಯಾರ ಕೈಯಲ್ಲಿ ಯಾವ ಪ್ರತಿ ಇದೆ ಎಂದು ರಿಜಿಸ್ಟರಿನಲ್ಲಿ ಇರಬೇಕು. ಹೊಸದನ್ನು ಕೊಡುವಾಗ ಹಳೆಯದನ್ನು ಕೈಗೆ ತೆಗೆದುಕೊಂಡು, ಅಡ್ಡಡ್ಡಲಾಗಿ ಕೆಂಪು ಮಸಿಯಲ್ಲಿ 'ರದ್ದು' ಎಂದು ಒತ್ತಿ ನಾಶ ಮಾಡಬೇಕು. ಆಮೇಲೆ ಬರೆದು ಸಹಿ ಹಾಕಬೇಕು. ಆ ರಿಜಿಸ್ಟರ್ ನನ್ನ ಸುಪರ್ದಿಗೆ ಬಂತು. ನಾನು ಅದನ್ನು ಮನೆದೇವರ ಹಾಗೆ ನೋಡಿಕೊಂಡೆ. ಯಾರಾದರೂ ಹಳೆಯ ಪ್ರತಿ ಇಟ್ಟುಕೊಂಡಿದ್ದರೆ ಅವರ ಮಾನ ಹರಾಜು ಹಾಕುತ್ತಿದ್ದೆ. ಇಡೀ ಕಾರ್ಖಾನೆ ನನ್ನನ್ನು ಕಂಡರೆ ಉರಿದು ಬೀಳುತ್ತಿತ್ತು, ಅದು ನನಗೆ ಇಷ್ಟವೂ ಆಗಿತ್ತು.

ಈಗ ಜಂಬಣ್ಣನ ವಿಷಯಕ್ಕೆ ಬರುತ್ತೇನೆ. ಕುರುಗೋಡಿನಲ್ಲಿ ಅವನದೊಂದು ಫ್ಯಾಬ್ರಿಕೇಶನ್ ಶೆಡ್. ಆರು ಜನ ಕೆಲಸಗಾರರು. ದೊಡ್ಡ ಟ್ಯಾಂಕುಗಳನ್ನು ನಾವು ಬಳ್ಳಾರಿಯಲ್ಲಿ ಮಾಡುತ್ತಿದ್ದೆವು. ಅವುಗಳ ಕಾಲು, ಕಾಲಿಗೆ ಟ್ಯಾಂಕನ್ನು ಹಿಡಿಸುವ ಬ್ರಾಕೆಟ್ಟು, ಏಣಿ, ಇವೆಲ್ಲ ಅವನಲ್ಲಿ ಆಗುತ್ತಿದ್ದವು. ಅವನಿಗೆ ಬೇರೆ ಗಿರಾಕಿ ಇರಲಿಲ್ಲ, ಆ ಶೆಡ್ಡಿನ ಆರು ಮನೆಗಳೂ ನಮ್ಮ ಕೆಲಸದ ಮೇಲೆಯೇ ನಡೆಯುತ್ತಿದ್ದವು. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನಿಗೆ ನಕ್ಷೆ ಓದುವುದನ್ನು ಕಲಿಸಿದವನು ನಾನೇ. ಕಲಿತ ಮೇಲೆ ಎಷ್ಟು ಚೊಕ್ಕ ಕೆಲಸ ಮಾಡುತ್ತಿದ್ದನೆಂದರೆ, ನಮ್ಮ ಇನ್‌ಸ್ಪೆಕ್ಟರು ಅವನ ಸಾಮಾನಿಗೆ ಟೇಪು ಹಿಡಿಯುವುದನ್ನೇ ಬಿಟ್ಟಿದ್ದ. ಅದೂ ತಪ್ಪೇ, ಆದರೆ ಆ ತಪ್ಪು ಅಂದಿನವರೆಗೆ ಯಾರಿಗೂ ಚುಚ್ಚಿರಲಿಲ್ಲ.

ರಾಯುಡು ಅವರು ಕುಚ್ಚಲಕ್ಕಿಗೆ ಭತ್ತ ನೆನೆಸುವ ಒಂದು ಟ್ಯಾಂಕು ಬೇಕೆಂದರು. ನಕ್ಷೆ ಹೋಯಿತು, ರಿವಿಷನ್ ಎ. ಒಂದು ತಿಂಗಳಾದ ಮೇಲೆ ಅವರ ಮನಸ್ಸು ಬದಲಾಯಿತು, ಟ್ಯಾಂಕು ಇನ್ನೂ ಒಂದಾಳೆತ್ತರ ಬೇಕು ಎಂದರು. ಹೆಚ್ಚು ನೀರು, ಹೆಚ್ಚು ಭಾರ. ಬ್ರಾಕೆಟ್ಟಿನ ಕಬ್ಬಿಣದ ತಟ್ಟೆಯ ದಪ್ಪ ಎಂಟು ಮಿಲಿಮೀಟರ್ ಇದ್ದದ್ದನ್ನು ಹನ್ನೆರಡು ಮಾಡಿದೆವು, ರಿವಿಷನ್ ಬಿ. ಹೊಸ ಪ್ರತಿಯನ್ನೂ ಕೆಂಪು ರಬ್ಬರ್ ಸ್ಟಾಂಪನ್ನೂ ಚೀಲದಲ್ಲಿ ಹಾಕಿಕೊಂಡು ನಾನೇ ಕುರುಗೋಡಿನ ಬಸ್ಸು ಹತ್ತಿದೆ. ದಸರಾ ಮುಗಿದು ಶೆಡ್ ತೆರೆದ ಮೊದಲ ದಿನ ಅದು.

ನಮ್ಮ ಕಡೆ ಆಯುಧಪೂಜೆಯಲ್ಲಿ ಲೇತು, ಗ್ರೈಂಡರು, ವೆಲ್ಡಿಂಗ್ ಸೆಟ್ಟು, ಲಾರಿ ಎಲ್ಲಕ್ಕೂ ಪೂಜೆ ಆಗುತ್ತದೆ. ಜಂಬಣ್ಣನ ಶೆಡ್ಡಿನಲ್ಲಿ ಗೋಡೆಗೆ ಅಂಟಿಸಿದ ನಕ್ಷೆಗೂ ಆಗುತ್ತಿತ್ತು. ಅದನ್ನು ನೋಡಿಯೇ ಕೆಲಸ ಮಾಡುವುದಲ್ಲವೇ, ಅದೂ ಆಯುಧವೇ. ನಾನು ಹೋದಾಗ ರಿವಿಷನ್ ಎ ಗೋಡೆಯ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಸುತ್ತ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ವಿರಾಜಮಾನವಾಗಿತ್ತು. ಕೆಳಗೆ ಒಡೆದ ತೆಂಗಿನಕಾಯಿಯ ಚಿಪ್ಪು ಇನ್ನೂ ಇತ್ತು.

ಚೀಲದಿಂದ ಸ್ಟಾಂಪು ತೆಗೆದೆ. ಜಂಬಣ್ಣ ನನ್ನ ಕೈ ನೋಡಿದ.

'ಸಾರ್, ಮೊನ್ನಿ ಪೂಜಿ ಮಾಡೀವಿ. ಇವತ್ತ ಅದರ ಮ್ಯಾಲೆ ರದ್ದು ಅಂತ ಒತ್ತಿದ್ರ ಹುಡುಗ್ರು ಏನಂದಾರು? ಮನಸಿಗೆ ಕಸಿವಿಸಿ ಆಗತೈತ್ರಿ.'

'ನಿಯಮ ಐತಲ್ಲಪಾ.'

'ಐತ್ರಿ, ಇಲ್ಲ ಅನ್ನಂಗಿಲ್ಲ. ಸೋಮಾರ ತಕ್ಕ ಬಿಡ್ರಿ. ಹೂವು ಬಾಡಿದ ಮ್ಯಾಲೆ ನಾನ ತಗದು ಕಾಲಿವಿಗೆ ಬಿಟ್ಟುಬರ್ತೀನಿ. ಪೂಜಿ ಮಾಡಿದ್ದನ್ನ ಹರಿಯಾಕ ಬರಂಗಿಲ್ಲಲ್ರಿ.'

ನಾನು ದೊಡ್ಡ ವಿಚಾರವಾದಿ ಎಂದುಕೊಂಡಿದ್ದವನು. ಆ ವಿಭೂತಿ ನೋಡಿ ನನ್ನ ಕೈಯೂ ಮುಂದೆ ಹೋಗಲಿಲ್ಲ. 'ಇರ್ಲಿ ಬಿಡು, ಸೋಮಾರ ಬರ್ತೀನಿ' ಎಂದೆ. ಹೊಸ ಪ್ರತಿಯನ್ನು ಅವನು ಕಣ್ಣಿಗೆ ಒತ್ತಿಕೊಂಡು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ. ವಾಪಸ್ಸು ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ರಿಜಿಸ್ಟರ್ ತೆರೆದೆ. ಹೇಗೂ ಸೋಮವಾರ ಆಗುವ ಕೆಲಸ, ಎರಡು ಸಲ ಯಾಕೆ ಬರೆಯಬೇಕು ಎಂದುಕೊಂಡು, 'ರಿವಿಷನ್ ಬಿ ಕೊಡಲಾಗಿದೆ. ರಿವಿಷನ್ ಎ ಹಿಂಪಡೆದು ನಾಶಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿದೆ. ಬಸ್ಸು ಕುಣಿಯುತ್ತಿದ್ದರೂ ಅಕ್ಷರ ಮುತ್ತಿನ ಹಾಗೆ ಬಂದವು.

ಸೋಮವಾರ ಹೋಗಲಿಲ್ಲ. ಸರ್ಟಿಫಿಕೇಟಿನ ನವೀಕರಣಕ್ಕೆ ಮುಂದಿನ ತಿಂಗಳು ಆಡಿಟರು ಬರುವವರಿದ್ದರು, ನಾನು ಫೈಲುಗಳ ಬೆನ್ನಿಗೆ ಬಣ್ಣದ ಚೀಟಿ ಅಂಟಿಸುತ್ತಾ ಕುಳಿತೆ. ಅದೇ ಸೋಮವಾರ ಜಂಬಣ್ಣನ ಹೆಂಡತಿಗೆ ಹೊಟ್ಟೆನೋವು ಜೋರಾಗಿ ಬಳ್ಳಾರಿಯ ದವಾಖಾನೆಗೆ ಸೇರಿಸಿದರು, ಆಪರೇಷನ್ ಆಯಿತು. ಹತ್ತು ದಿನ ಅವನು ಶೆಡ್ಡಿಗೆ ಹೋಗಲೇ ಇಲ್ಲ. 'ಹೊಸಾ ನಕ್ಷಿ ಪೆಟಿಗ್ಯಾಗ ಐತಿ' ಎಂದು ಫೋನಿನಲ್ಲಿ ಹೇಳಿದ್ದನಂತೆ. ಯಾರು ಕೇಳಿಸಿಕೊಂಡರೋ, ಯಾರು ಮರೆತರೋ. ಕೆಲಸಗಾರರು ಎಂದಿನ ಹಾಗೆ ಕತ್ತೆತ್ತಿ ಗೋಡೆ ನೋಡಿದರು. ಪೂಜೆಯಾದ ನಕ್ಷೆ ಕಣ್ಣೆದುರು ಇರುವಾಗ ಪೆಟ್ಟಿಗೆ ತೆರೆಯುವವರು ಯಾರು? ಎಂಟು ಮಿಲಿಮೀಟರಿನ ತಟ್ಟೆ ಕತ್ತರಿಸಿ, ಚೊಕ್ಕ ವೆಲ್ಡಿಂಗ್ ಮಾಡಿ, ಬಣ್ಣ ಹೊಡೆದರು. ಬಣ್ಣ ಹೊಡೆದ ಮೇಲೆ ಬಂದ ಜಂಬಣ್ಣನೂ ತಟ್ಟೆ ಅಳೆಯಲಿಲ್ಲ. ನಮ್ಮ ಇನ್‌ಸ್ಪೆಕ್ಟರಂತೂ ಅಳೆಯುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ.

ಸಿರುಗುಪ್ಪದಲ್ಲಿ ಟ್ಯಾಂಕು ನಿಂತಿತು. ಭತ್ತ ಬರುವ ಮುಂಚೆ ನೀರು ತುಂಬಿಸಿ ಪರೀಕ್ಷೆ ಮಾಡಬೇಕು. ಬೆಳಿಗ್ಗೆ ಮೋಟರ್ ಹಚ್ಚಿದರು. ಮುಕ್ಕಾಲು ಭಾಗ ತುಂಬಿರಬೇಕು, ಕಿರ್ರ್ ಎಂದು ಸದ್ದಾಯಿತು. 'ಓಡ್ರಲೇ!' ಎಂದು ಯಾರೋ ಕೂಗಿದರು. ಒಂದು ಕಡೆಯ ಎರಡು ಬ್ರಾಕೆಟ್ಟು ರೊಟ್ಟಿಯ ಅಂಚಿನ ಹಾಗೆ ಮಡಚಿಕೊಂಡವು. ಇಡೀ ಟ್ಯಾಂಕು ಪಕ್ಕದ ಗೋಡೆಗೆ ಒರಗಿ ನಿಂತಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಐದು ನಿಮಿಷದ ಹಿಂದೆ ಅಲ್ಲಿ ನೆರಳಿಗೆಂದು ಮೂವರು ಹಮಾಲರು ಕುಳಿತಿದ್ದರು, ಚಹಾ ಬಂತೆಂದು ಎದ್ದು ಹೋಗಿದ್ದರು.

ರಾಯುಡು ಅವರು ಈ ಸಲ ಹಾಸ್ಯ ಮಾಡಲಿಲ್ಲ. 'ಮನುಷುಲು ಪೋಯೇವಾಳ್ಳು ಕದಯ್ಯಾ' ಎಂದಷ್ಟೇ ಹೇಳಿದರು. ಮನುಷ್ಯರು ಸಾಯುತ್ತಿದ್ದರಲ್ಲಯ್ಯಾ ಎಂದು. ನಾನು ಮಡಚಿದ ತಟ್ಟೆಗೆ ವರ್ನಿಯರ್ ಹಿಡಿದು ದಪ್ಪ ಅಳೆದೆ. ಎಂಟು. ಕುರುಗೋಡಿನ ಗೋಡೆ ಕಣ್ಣಿಗೆ ಬಂದು ನಿಂತಿತು.

ಮೂರು ದಿನಕ್ಕೆ ಬಳ್ಳಾರಿಯಲ್ಲಿ ವಿಚಾರಣೆ. ಜಿ.ಎಂ. ಸಾಹೇಬರು, ಇನ್‌ಸ್ಪೆಕ್ಟರು, ನಾನು, ಮೇಜಿನ ಆ ಕಡೆ ಜಂಬಣ್ಣ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ.

'ಹಳೇ ನಕ್ಷಿ ಯಾಕ ಇಟ್ಕಂಡಿದ್ದಿ?' ಎಂದರು ಜಿ.ಎಂ.

'ಇಟ್ಕಂಡಿಲ್ರಿ, ಪೂಜಿ ಆಗಿತ್ತಂತ ಪಂಪಾಪತಿ ಸಾಹೇಬ್ರ ಬಿಟ್ಟು ಹೋಗಿದ್ರು. ಈಗ್ಲೂ ಗ್ವಾಡಿ ಮ್ಯಾಲೇ ಐತಿ. ಕೆಲ್ಸ ನೋಡ್ಲಿಲ್ಲ, ಅದು ನನ್ನ ತಪ್ಪ ಐತ್ರಿ, ಒಪ್ಕಂತೀನಿ. ಆದ್ರ ಕದ್ದು ಇಟ್ಕಂಡಿಲ್ರಿ. ಸಾಹೇಬ್ರನ್ನ ಕೇಳ್ರಿ ಬೇಕಾರ.'

ಜಿ.ಎಂ. ರಿಜಿಸ್ಟರ್ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು. 'ಇಲ್ಲಿ ಹಿಂಪಡೆದು ನಾಶಪಡಿಸಲಾಗಿದೆ ಅಂತ ಬರದೈತಿ. ಪಂಪಾಪತಿ, ಏನಂತೀರಿ?'

ನಿವೃತ್ತಿಗೆ ಆರು ತಿಂಗಳಿತ್ತು. ಮೂವತ್ತನಾಲ್ಕು ವರ್ಷ ಊರೆಲ್ಲರ ತಪ್ಪು ಹಿಡಿದ ಬಾಯಿ ಇದು. ಆ ಬಾಯಿಂದ ಬಂದ ಮಾತು, 'ರಿಜಿಸ್ಟರಿನಾಗ ಏನೈತೋ ಅದೇ ಸರ್.'

ಜಂಬಣ್ಣ ನನ್ನ ಕಡೆ ನೋಡಿದ. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಏನೋ ತಪ್ಪಿ ಹೇಳಿದ್ದೇನೆ, ಈಗ ಸರಿಪಡಿಸುತ್ತೇನೆ ಎನ್ನುವ ಹಾಗೆ ಕಾಯುತ್ತಾ ನೋಡಿದ. ನಾನು ಫೈಲಿನ ದಾರ ಬಿಗಿ ಮಾಡಿದೆ. ನಾವು ಕೊಟ್ಟ ಪ್ರತಿ ನಾಶವಾಗಿದ್ದರೆ, ಗೋಡೆಯ ಮೇಲಿನದು ಅವನು ಗುಟ್ಟಾಗಿ ತೆಗೆಸಿಕೊಂಡ ಇನ್ನೊಂದು ಎಂದಾಯಿತು. 'ಅನಧಿಕೃತ ಪ್ರತಿಯನ್ನು ಇಟ್ಟುಕೊಂಡು ಕೆಲಸ ಮಾಡಿದ್ದರಿಂದ' ಎಂದು ವರದಿ ಆಯಿತು. ಅವನ ಶೆಡ್ಡಿನ ಹೆಸರು ನಮ್ಮ ಪಟ್ಟಿಯಿಂದ ಹೋಯಿತು. ಮುಂದಿನ ವಾರ ಬಂದ ಆಡಿಟರು ಆ ವರದಿಯನ್ನು ಓದಿ, ಇಷ್ಟು ಬೇಗ ಕಾರಣ ಕಂಡುಹಿಡಿದ ನಿಮ್ಮ ನಕ್ಷೆ ನಿಯಂತ್ರಣ ಮಾದರಿ ಎಂದು ನನ್ನ ಕೈ ಕುಲುಕಿದರು. ಥೂ, ಆ ಕೈಯನ್ನು ಎಷ್ಟು ಸಲ ತೊಳೆದರೂ ಸಮಾಧಾನವಿರಲಿಲ್ಲ.

ಒಂದೂವರೆ ತಿಂಗಳು ಹಾಗೇ ದೂಡಿದೆ. ಹೆಂಡತಿಯ ತವರಿನಲ್ಲಿ ಏನೋ ಕಾರ್ಯ ಇತ್ತು, ಕುರುಗೋಡಿಗೆ ಹೋಗಲೇಬೇಕಾಯಿತು. ಆ ಬೀದಿ ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ, ಕಾಲು ಅಲ್ಲಿಗೇ ಹೋದವು. ಶೆಡ್ಡಿನಲ್ಲಿ ಆರು ಜನರ ಬದಲು ಒಬ್ಬನೇ ಕೆಲಸಗಾರ. ಉಳಿದವರು ದುಡಿಯಲು ಬೇರೆ ಕಡೆ ಹೋಗಿದ್ದರು. ಜಂಬಣ್ಣ ಯಾರದೋ ಮನೆಯ ಕಿಟಕಿಗೆ ಸರಳು ಜೋಡಿಸುತ್ತಿದ್ದ. ಗೋಡೆ ಖಾಲಿ ಇತ್ತು.

'ಅದು ಎಲ್ಲೈತಪಾ?' ಎಂದೆ.

'ಕಾಲಿವಿಗೆ ಬಿಟ್ಟೆನ್ರಿ. ಪೂಜಿ ಮಾಡಿದ್ದು, ಎಷ್ಟು ದಿನ ಇಟ್ಕಂಬೇಕು?'

ಅವನು ಹೇಳಿದ್ದು ನಿಜ ಎಂದು ತೋರಿಸಲು ಅವನ ಬಳಿ ಇದ್ದದ್ದು ನನ್ನ ಸಹಿ ಇದ್ದ, 'ರದ್ದು' ಒತ್ತದ ಅದೊಂದೇ ಹಾಳೆ. ಅದನ್ನೂ ಮಾತು ಕೊಟ್ಟಿದ್ದ ಹಾಗೆ ನೀರಿಗೆ ಬಿಟ್ಟಿದ್ದ. ನನಗೆ ಚಹಾ ತರಿಸಿದ. ಕುಡಿದು ಲೋಟ ಕೆಳಗಿಟ್ಟು ಎದ್ದು ಬಂದೆ.

ಮಾರನೆಯ ಬೆಳಿಗ್ಗೆ ಆಫೀಸಿಗೆ ಹೋದವನೇ ರಿಜಿಸ್ಟರ್ ತೆರೆದೆ. ದಾಖಲೆಯಲ್ಲಿ ತಪ್ಪಾದರೆ ಅಳಿಸಬಾರದು, ಬಿಳಿ ಬಣ್ಣ ಬಳಿಯಬಾರದು. ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಹಾಗೆಯೇ ಮಾಡಿದೆ. 'ಹಿಂಪಡೆದಿಲ್ಲ. ಶೆಡ್ಡಿನಲ್ಲಿ ನಾನೇ ಬಿಟ್ಟುಬಂದೆ. ಮೇಲಿನದು ಸುಳ್ಳು' ಎಂದು ಬರೆದು ಜಿ.ಎಂ. ಮುಂದೆ ಇಟ್ಟೆ. ಅವರು ಓದಿ ಕನ್ನಡಕ ತೆಗೆದರು.

'ನಿಮಗ ತಲಿ ನೆಟ್ಟಗೈತೇನ್ರಿ? ಹೋಗೋ ಕಾಲಕ್ಕ ದೊಡ್ಡ ಸತ್ಯವಂತ ಆಗಾಕ ಹೊಂಟೀರಿ! ಇದೊಂದು ಸಾಲು ಸುಳ್ಳಾದ್ರ ಆಡಿಟರು ಉಳಿದ ಸಾಲೂ ಕೇಳ್ತಾನಲ್ರಿ!'

'ಕೇಳ್ಲಿ ಸರ್' ಎಂದೆ.

ನನ್ನನ್ನು ಡ್ರಾಯಿಂಗ್ ಆಫೀಸಿನಿಂದ ಎತ್ತಿ ಉಗ್ರಾಣಕ್ಕೆ ಹಾಕಿದರು. ಕೊನೆಯ ನಾಲ್ಕು ತಿಂಗಳು ಬೋಲ್ಟು ಎಣಿಸಿದೆ. ಶಾಲು, ಹಾರ, ಭಾಷಣ ಯಾವುದೂ ಆಗಲಿಲ್ಲ, ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ರಿಜಿಸ್ಟರಿನ ಸಾಲನ್ನು ಅಳಿಸುವಂತಿಲ್ಲವಾದ್ದರಿಂದ ವರದಿ ತಿದ್ದಲೇಬೇಕಾಯಿತು. ಜಂಬಣ್ಣನ ಶೆಡ್ಡನ್ನು ಮತ್ತೆ ಪಟ್ಟಿಗೆ ಸೇರಿಸಿದ ಪತ್ರ ತಯಾರಾಯಿತು. ಅಂಚೆಗೆ ಹಾಕುತ್ತಿದ್ದವರ ಕೈಯಿಂದ ಕಸಿದುಕೊಂಡು, ನಿವೃತ್ತನಾದ ಮಾರನೆಯ ದಿನ ನಾನೇ ತೆಗೆದುಕೊಂಡು ಹೊರಟೆ. ಸುಳ್ಳು ಯಾಕೆ ಹೇಳಲಿ, ಬಸ್ಸಿನಲ್ಲಿ ಎದೆ ಉಬ್ಬಿತ್ತು. ಅವನು ಕಣ್ಣೀರು ಹಾಕುತ್ತಾನೆ, ನಾನು ಬೆನ್ನು ತಟ್ಟುತ್ತೇನೆ ಎಂದೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಜಂಬಣ್ಣ ಪತ್ರವನ್ನು ನಿಂತೇ ಓದಿದ. ಎರಡು ಸಲ ಓದಿದ. ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ವಾಪಸ್ಸು ಕೊಟ್ಟ.

'ಭಾಳ ಉಪಕಾರ ಆತ್ರಿ. ಆದ್ರ ಬ್ಯಾಡ್ರಿ.'

'ಯಾಕೋ ಜಂಬಣ್ಣ? ಸರಿ ಮಾಡೀನಲ್ಲ. ನಾನು ಬರದಿದ್ದು ಸುಳ್ಳು ಅಂತ ನಾನ ಬರದು ಕೊಟ್ಟೀನಿ.'

'ಗೊತ್ತಾತ್ರಿ, ಸುದ್ದಿ ಬಂತು. ನಿಮ್ಮ ಮ್ಯಾಲೆ ನಂಗೇನೂ ಸಿಟ್ಟಿಲ್ರಿ.' ಕೈಯಲ್ಲಿದ್ದ ಸರಳನ್ನು ಕೆಳಗಿಟ್ಟ. 'ನಕ್ಷಿ ಓದಾಕ ಕಲಸಿದವ್ರು ನೀವ. ಗೆರಿ ತಿಳೀಲಿಲ್ಲಂದ್ರ ಅಂಜಬ್ಯಾಡ, ಕೆಳಗ ಸಹಿ ಐತೇನು ನೋಡು, ಸಹಿ ಇದ್ರ ಕಣ್ಣು ಮುಚ್ಚಿ ನಂಬು ಅಂದಿದ್ರಿ. ಹದಿನೆಂಟು ವರ್ಷ ನಂಬಿದೆ. ಅವತ್ತು ಆ ರಿಜಿಸ್ಟರಿನಾಗ ನೋಡಿದ್ನಲ್ರಿ, ಅದೇ ಸಹಿ. ಈಗ ಯಾವ ನಕ್ಷಿ ಹಿಡಿದ್ರೂ ಮೂಲ್ಯಾಗಿನ ಸಹಿ ನೋಡಿದ ಕೂಡ್ಲೆ ಕೈ ಕಬ್ಬಿಣ ಮುಟ್ಟವಲ್ದು. ಕಿಟಕಿ ಸರಳಿಗೆ ನಕ್ಷಿ ಬೇಕಾಗಿಲ್ಲ. ಇದೇ ಇರ್ಲಿ ಬಿಡ್ರಿ.'

ಅವನು ಮುಖಕ್ಕೆ ಗಾಜಿನ ಮುಸುಕು ಇಳಿಸಿಕೊಂಡು ಕುಳಿತು ವೆಲ್ಡಿಂಗ್ ಹಚ್ಚಿದ. ಆ ಬೆಳಕನ್ನು ಬರಿಗಣ್ಣಿನಿಂದ ನೋಡುವಂತಿಲ್ಲ. ಪತ್ರ ಹಿಡಿದುಕೊಂಡು ಆ ಕಡೆ ಮುಖ ತಿರುಗಿಸಿ ನಿಂತೆ.